ಅಭಯದ ಋಣ

ಪ್ರಶಾಂತ ಮಹಾಸಾಗರದಲ್ಲಿ, ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1,000 ಕಿಲೋಮೀಟರು ಪಶ್ಚಿಮಕ್ಕೆ, ಭೂಮಧ್ಯರೇಖೆಯ ಇಕ್ಕೆಲಗಳಲ್ಲಿ ಹರಡಿರುವ ಗಲಪಾಗೋಸ್ ದ್ವೀಪಸ್ತೋಮದಲ್ಲಿ ಕಾಲಿರಿಸಿದ ಯಾತ್ರಿಕನನ್ನು ಮೊದಲು ವಿಸ್ಮಯಗೊಳಿಸುವುದು ಅಲ್ಲಿಯ ಜೀವಿಗಳ ನಿರ್ಭಯತೆ. ಕಪ್ಪು ಲಾವಾಶಿಲೆಗಳ ಮೇಲೆ ಮೈಚೆಲ್ಲಿ ಬಿಸಿಲು ಕಾಯುವ ಕಡಲ ಇಗ್ವಾನಾಗಳಾಗಲಿ, ಕಾಲುದಾರಿಯ ಅಂಚಿನಲ್ಲಿಯೇ ಮೊಟ್ಟೆಗೆ ಕಾವು ಕೊಡುತ್ತ ಕುಳಿತ ನೀಲಿ ಪಾದದ ಬೂಬಿ ಹಕ್ಕಿಗಳಾಗಲಿ, ಮರಳಿನಲ್ಲಿ ಮರಿಗೆ ಹಾಲೂಡಿಸುವ ಸಮುದ್ರಸಿಂಹಗಳಾಗಲಿ, ಮನುಷ್ಯನು ಸಮೀಪದಲ್ಲಿ ಸುಳಿದನೆಂದು ಬೆದರಿ ಓಡುವುದು ವಿರಳ. ಸಾಗರಗರ್ಭದ ಅಗ್ನಿಪರ್ವತಗಳಿಂದ ಉದ್ಭವಿಸಿ, ಯಾವ ಭೂಖಂಡಕ್ಕೂ ಎಂದೂ ಸೇರಿರದ ಈ ನೆಲಕ್ಕೆ ದೊಡ್ಡ ಹಿಂಸ್ರಮೃಗಗಳು ದಾಟಿ ಬರಲಾರದೆ ಹೋದುದರಿಂದ, ನೆಲದ ಮೇಲೆ ಓಡಿ ಬದುಕುವ ಅಗತ್ಯವೇ ಇವುಗಳಿಗೆ ಅಷ್ಟಾಗಿ ಒದಗಲಿಲ್ಲ.

ಈ ವಿಶ್ವಾಸಕ್ಕೆ ಮನುಷ್ಯನು ಕೊಟ್ಟ ಪ್ರತಿಫಲವಾದರೋ ದಾರುಣವಾದುದು. ಅನ್ನನೀರಿಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲ ಬೃಹದಾಕಾರದ ಆಮೆಗಳನ್ನು ತಿಮಿಂಗಿಲಬೇಟೆಯ ನಾವಿಕರು ಜೀವಂತ ಆಹಾರಸಂಗ್ರಹವೆಂದು ಹಡಗಿನ ಒಡಲಿಗೆ ತುಂಬಿಕೊಂಡರು. ಮನುಷ್ಯರೊಡನೆ ಬಂದ ಮೇಕೆಗಳು ಉಳಿದ ಆಮೆಗಳ ಹಸುರನ್ನು ಮೇಯ್ದು ಬರಿದು ಮಾಡಿದುವು. ಪಿಂಟಾ ದ್ವೀಪದಲ್ಲಿ 1971ರಲ್ಲಿ ಕಂಡುಬಂದ, ಲೋಕವು ಏಕಾಕಿ ಜಾರ್ಜ್ ಎಂದು ಕರೆದ ಒಂದು ಗಂಡಾಮೆ, 2012ರಲ್ಲಿ ಕಣ್ಣುಮುಚ್ಚಿದಾಗ ಒಂದು ವಂಶವೇ ಅಳಿದಂತಾಯಿತು.

ಆದರೆ ಎಸ್ಪಾನ್ಯೋಲಾ ದ್ವೀಪದ ಕಥೆ ಬೇರೆಯಾಗಿ ಮುಗಿಯಿತು. ಅಲ್ಲಿ ಉಳಿದಿದ್ದುದು 12 ಹೆಣ್ಣು, 2 ಗಂಡು ಆಮೆಗಳು ಮಾತ್ರ. ಅವು ಒಂದನ್ನೊಂದು ಸಂಧಿಸಲಾರದಷ್ಟು ದೂರದೂರ ಚದರಿಹೋಗಿದ್ದುವು. 1963ರಿಂದ 1974ರ ತನಕ ಅವನ್ನು ಒಂದೊಂದಾಗಿ ಸಾಂತಾಕ್ರೂಸ್ ದ್ವೀಪದ ಸಂವರ್ಧನ ಕೇಂದ್ರಕ್ಕೆ ತಂದರು. ಅಮೆರಿಕದ ಸ್ಯಾನ್ ಡೀಗೋ ಮೃಗಾಲಯದಿಂದ ಅದೇ ಕುಲದ ಇನ್ನೊಂದು ಗಂಡನ್ನು ಕರೆಸಿಕೊಂಡರು. ದ್ವೀಪದಿಂದ ಮೇಕೆಗಳನ್ನು ನಿರ್ಮೂಲಗೊಳಿಸಿದರು. ಹುಟ್ಟಿದ ಮರಿಗಳನ್ನು ಕೆಲವು ವರ್ಷ ಸಾಕಿ, ಚಿಪ್ಪು ಗಟ್ಟಿಯಾದ ಮೇಲೆ ತವರಿಗೆ ಬಿಟ್ಟರು. 2020ರಲ್ಲಿ ಆ 15 ಹಿರಿಯ ಆಮೆಗಳೂ ತಮ್ಮ ದ್ವೀಪಕ್ಕೆ ಮರಳಿದಾಗ, ಅವುಗಳ ಸಾವಿರಾರು ಮರಿಮೊಮ್ಮಕ್ಕಳು ಆ ನೆಲದಲ್ಲಿ ತೆವಳಾಡುತ್ತಿದ್ದುವು. ಮನುಷ್ಯನು ಕೆಡಿಸಿದುದನ್ನು ತಿದ್ದಲು ಅರ್ಧ ಶತಮಾನ ಬೇಕಾಯಿತು. ಆಮೆಯ ಕಾಲಗತಿಗೆ ಅವನು ತನ್ನ ತ್ವರೆಯನ್ನು ಒಪ್ಪಿಸಿಕೊಡಬೇಕಾಯಿತು.

1959ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ದ್ವೀಪಗಳಲ್ಲಿ ಸಂದರ್ಶಕನು ಇಂದು ಅಧಿಕೃತ ಮಾರ್ಗದರ್ಶಕನೊಡನೆ ಗುರುತಿಸಿದ ಹಾದಿಯಲ್ಲಿಯೇ ನಡೆಯಬೇಕು, ಪ್ರಾಣಿಗಳಿಂದ 2 ಮೀಟರು ದೂರ ನಿಲ್ಲಬೇಕು, ಒಂದು ಕಲ್ಲನ್ನಾಗಲಿ ಚಿಪ್ಪನ್ನಾಗಲಿ ಎತ್ತಿಕೊಂಡು ಬರಕೂಡದು. ಗರ್ಭಗುಡಿಯ ಹೊಸ್ತಿಲ ಈಚೆ ನಿಂತು ಕೈಮುಗಿಯುವ ನಮಗೆ ಈ ಸಂಯಮವು ಅಪರಿಚಿತವೇನೂ ಅಲ್ಲ. ಪ್ರಾಣಿಯು ತಾನಾಗಿ ಹತ್ತಿರ ಬಂದರೂ ಕೈಚಾಚದೆ ನಿಲ್ಲುವವನು, ಪೂರ್ವಿಕರ ಲೋಭದಿಂದ ಬೆಳೆದ ಋಣದಲ್ಲಿ ತನ್ನ ಪಾಲನ್ನು ತೀರಿಸುತ್ತಾನೆ. ನಮ್ಮನ್ನು ನಂಬಿದ ಜೀವಿಯ ಮುಂದೆ ನಮ್ಮ ಶಕ್ತಿಯನ್ನು ತಡೆಹಿಡಿಯುವುದೇ ಧರ್ಮ. ಬಲಹೀನರು ಯಾರ ಸನ್ನಿಧಿಯಲ್ಲಿ ಬೆದರದೆ ಇರಬಲ್ಲರೋ ಅವನ ನಾಗರಿಕತೆಯೇ ನಿಜವಾದುದು. ಅಂತಹ ನಾಗರಿಕತೆಯನ್ನು ದೂರದ ದ್ವೀಪಗಳಿಗಾಗಿ ಕಾದಿಡದೆ, ಮನೆಯಂಗಳಕ್ಕೆ ಬರುವ ಹಕ್ಕಿಯಿಂದಲೇ ಇಂದು ಆರಂಭಿಸೋಣ.