ಮೀಟರ್ ಮೇಲೆ ಒಂದೂವರೆ

(ಕಕ್ಕಬೆಯಲ್ಲಿ ಯುವಕರೆದುರು ಆಡಿದ ಮಾತುಗಳ ಬರಹರೂಪ)



ನಮ್ಮ ಕಕ್ಕಬೆಯ ಜೀಪಿಗೆ ಮೀಟರ್ ಇಲ್ಲ; ಬಾಡಿಗೆ ಮಾತಿನಲ್ಲೇ ತೀರ್ಮಾನ. ಆದರೆ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಂಗಳೂರಿನಲ್ಲಿ ಇಳಿದವರಿಗೆಲ್ಲ 'ಮೀಟರ್ ಮೇಲೆ ಒನ್ ಅಂಡ್ ಹಾಫ್' ಎಂಬ ಮಾತು ಗೊತ್ತು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಅದು ಕಾನೂನಿನ ದರ. ಹಾಡುಹಗಲಲ್ಲಿ ಕೇಳಿದರೆ ಜಗಳ.

ಆ ಜಗಳದ ಮಾತನ್ನೇ ಹಾಡಿನ ಹೆಸರಾಗಿಸಿದ್ದು ಬೆಂಗಳೂರಿನ ರಾಕ್ ತಂಡ 'ಥರ್ಮಲ್ ಅಂಡ್ ಎ ಕ್ವಾರ್ಟರ್'. ಹುಟ್ಟಿದ್ದು 1996ರಲ್ಲಿ. ತಂಡದ ಹೆಸರೂ ತಮಾಷೆಯದೇ: ಮೂವರು ಮಲಯಾಳಿಗಳು, ಇನ್ನೊಬ್ಬ ಕಾಲುಭಾಗ ಮಲಯಾಳಿ! ಗಿಟಾರ್, ಗಾಯನ ಬ್ರೂಸ್ ಲೀ ಮಣಿಯವರದು. ಡ್ರಮ್ಸ್ ರಾಜೀವ್ ರಾಜಗೋಪಾಲ್ ಅವರದು. ವಿದೇಶಿ ತಂಡಗಳ ಹಾಡಿಗಷ್ಟೇ ಚಪ್ಪಾಳೆ ಬೀಳುತ್ತಿದ್ದ ಕಾಲದಲ್ಲಿ ಇವರು ಸ್ವಂತ ಹಾಡು ಹಿಡಿದು ಕೂತರು. 2005ರಲ್ಲಿ, ಅಭಿಮಾನಿಗಳು ಕಾರ್ಯಕ್ರಮಗಳಲ್ಲಿ ಮುದ್ರಿಸಿಕೊಂಡಿದ್ದನ್ನೇ ಕೂಡಿಸಿ 'ಪ್ಲ್ಯಾನ್ ಬಿ' ಎಂದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಕೊಟ್ಟರು.

ನಾನು ಹೇಳುತ್ತಿರುವ ಹಾಡು 2012ರ 'ತ್ರೀ ವೀಲ್ಸ್ ನೈನ್ ಲೈವ್ಸ್' ಆಲ್ಬಮ್‌ನದು. ಮೂರು ಚಕ್ರದ ಆಟೋಕ್ಕೆ ತಕ್ಕಂತೆ ಡಿಸ್ಕುಗಳೂ ಮೂರು.

ದುಡಿ, ಕೊಂಬು-ಕೊಟ್ಟು ಇರುವಾಗ ಇಂಗ್ಲಿಷ್ ರಾಕ್ ನಮಗೇಕೆ ಎಂದು ಹಿರಿಯರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಇಂಗ್ಲಿಷಿನಲ್ಲಿ ಹಾಡುವ ತಂಡವೇ ನಿಜ. ಆದರೆ 'ಮೀಟರ್ ಮೇಲೆ' ಎಂಬುದು ಲಂಡನ್ನಿನಿಂದ ಬಂದ ಮಾತಲ್ಲ. ಆಟೋದವರ ಅರ್ಧ ಕನ್ನಡ, ಅರ್ಧ ಇಂಗ್ಲಿಷನ್ನು ತಿದ್ದದೆ ಹಾಗೇ ಎತ್ತಿಕೊಂಡರಲ್ಲ, ನನಗೆ ಹಿಡಿಸಿದ್ದು ಅದೇ.

ಹಾಡು ಹಾಕುತ್ತೇನೆ, ಕರೆಂಟು ಇರುವಾಗಲೇ ಕೇಳಿಬಿಡಿ.