ನೌಕರಿಗೆ ಹೊರಟವರ ಮಾತಿನ ಹಕ್ಕು

ಪ್ರಾಚಾರ್ಯರೇ, ಅಧ್ಯಾಪಕರೇ, ಹೊಲದ ಕೆಲಸ ಬಿಟ್ಟು ಬಂದ ತಾಯಿ-ತಂದೆಯರೇ, ಇಂದು ಪದವೀಧರರಾದ ಗೆಳೆಯರೇ,

ಇದು ನವಲಗುಂದ. 1980ರ ಜುಲೈನಲ್ಲಿ ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ರೈತರು ಬೀದಿಗಿಳಿದಾಗ ಇಲ್ಲಿ ಗೋಲಿಬಾರ್ ಆಯಿತು. ಮಹದಾಯಿ ನೀರಿನ ಧರಣಿಯನ್ನು ನೀವೇ ಕಂಡು ಬೆಳೆದಿದ್ದೀರಿ. ಇಂಥ ಊರಿನ ಮಕ್ಕಳಿಗೆ, ಪಗಾರ ಬರತೊಡಗಿದ ಮೇಲೆ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ಕೆಲಸ ಕೊಟ್ಟವರ ಬಗ್ಗೆ ಫೇಸ್‌ಬುಕ್ಕಿನಲ್ಲೋ ವಾಟ್ಸಾಪ್ ಸ್ಟೇಟಸ್ಸಿನಲ್ಲೋ ಬರೆದರೆ ಕಾನೂನು ಎಲ್ಲಿಯವರೆಗೆ ನಿಮ್ಮ ಜೊತೆ ನಿಲ್ಲುತ್ತದೆ ಎಂಬುದು ನಿಮಗೆ ಗೊತ್ತಿರಬೇಕು.

2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಹೊಸ ಸರ್ಕಾರದ ಉಚಿತ ಯೋಜನೆಗಳನ್ನು ಟೀಕಿಸಿ ಜಾಲತಾಣದಲ್ಲಿ ಬರೆದರು, ಅಮಾನತಾದರು. ಸರ್ಕಾರಿ ನೌಕರರು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದು ಎಂದು ನಡತೆ ನಿಯಮಗಳು ಹೇಳುತ್ತವೆ. ಈಗ ಜಾರಿಯಲ್ಲಿರುವುದು 2021ರ ನಿಯಮಗಳು. ಆದರೂ ನೌಕರಿ ಸೇರಿದ ಮಾತ್ರಕ್ಕೆ ಸಂವಿಧಾನದ 19ನೇ ವಿಧಿ ಕೊಟ್ಟ ಮಾತಿನ ಹಕ್ಕು ಕಳೆದುಹೋಗುವುದಿಲ್ಲ. ಫೇಸ್‌ಬುಕ್ ಬರಹಕ್ಕಾಗಿ ಅಮಾನತಾದ ನೌಕರರೊಬ್ಬರ ಪ್ರಕರಣದಲ್ಲಿ ತ್ರಿಪುರಾ ಹೈಕೋರ್ಟ್ 2020ರಲ್ಲಿ ಇದನ್ನೇ ಹೇಳಿತು.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗೋ ಹುಬ್ಬಳ್ಳಿಯ ಶೋರೂಮಿಗೋ ಹೋಗುವವರ ದಾರಿ ಬೇರೆ. 19ನೇ ವಿಧಿ ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಮಾಲೀಕನನ್ನಲ್ಲ. ಅಲ್ಲಿ ನಿಮ್ಮನ್ನು ಆಳುವುದು ನೀವು ಓದದೆ ಸಹಿ ಹಾಕಿದ ನೇಮಕಾತಿ ಪತ್ರ. ಕಂಪನಿಯ ಗುಟ್ಟು ಹೊರಗೆ ಹಾಕಬಾರದು, ಹೆಸರು ಕೆಡಿಸಬಾರದು ಎಂಬ ಷರತ್ತುಗಳು ಅದರ ಕೊನೆಯ ಪುಟಗಳಲ್ಲಿರುತ್ತವೆ.

ನನಗೆ ಧೈರ್ಯ ಕೊಟ್ಟ ತೀರ್ಪು ಒಂದಿದೆ. ತಮಿಳುನಾಡು ಗ್ರಾಮ ಬ್ಯಾಂಕಿನ ನೌಕರರೊಬ್ಬರು ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಆಡಳಿತವನ್ನು ಟೀಕಿಸಿದ್ದಕ್ಕೆ ಬ್ಯಾಂಕು ದೋಷಾರೋಪ ಪತ್ರ ಕೊಟ್ಟಿತು. 2023ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಅದನ್ನು ರದ್ದುಪಡಿಸಿತು. ಒಳಗಿನ ಬೇಗುದಿ ಹೊರಹಾಕುವುದು ನೌಕರರ ಹಕ್ಕು, ಸಂಸ್ಥೆಯ ಪ್ರತಿಷ್ಠೆಗೆ ಧಕ್ಕೆ ಬಂದಾಗ ಆಡಳಿತ ಮಧ್ಯೆ ಬರಬಹುದು ಎಂಬುದು ಅದರ ನಿಲುವು. ನೆನಪಿಡಿ, ಅದು ಕೆಲವರಿಗಷ್ಟೇ ತೆರೆದ ಗುಂಪು. ಊರಿಗೆಲ್ಲ ಕಾಣುವ ಪೋಸ್ಟಿಗೆ ಅಷ್ಟೇ ರಕ್ಷಣೆ ಸಿಗುತ್ತದೆಂದು ನಂಬಬೇಡಿ.

ಮಾನನಷ್ಟದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. “ನಿಜವನ್ನೇ ಬರೆದೀನಲ್ಲ, ಏನ್ ಮಾಡ್ತಾರ?” ಎನ್ನುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷದವರೆಗೆ ಸಾದಾ ಸೆರೆವಾಸವಾಗಬಹುದು. ಬರೆದದ್ದು ನಿಜ ಎಂಬುದಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಬರೆದದ್ದು ಎಂದೂ ತೋರಿಸಬೇಕು, ಅದನ್ನು ತೋರಿಸುವ ಹೊಣೆ ನಿಮ್ಮದೇ. “ಪಗಾರ ಎರಡು ತಿಂಗಳಿಂದ ಬಂದಿಲ್ಲ” ಎಂಬ ಮಾತಿಗೆ ಬ್ಯಾಂಕ್ ಪಾಸ್‌ಬುಕ್ ಸಾಕ್ಷಿ ಹೇಳುತ್ತದೆ. “ಮಾಲೀಕ ಕಳ್ಳ” ಎಂಬ ಮಾತಿಗೆ ಯಾರು ಹೇಳುತ್ತಾರೆ?

ಹೆಣ್ಣುಮಕ್ಕಳಿಗೆ ಒಂದು ಮಾತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ಬರವಣಿಗೆಯಲ್ಲಿ ದೂರು ಕೊಡಿ. ಆ ದೂರಿನ ವಿವರ, ಅದರಲ್ಲಿರುವವರ ಹೆಸರು ಪ್ರಕಟಿಸುವುದನ್ನು ಕಾಯ್ದೆಯ 16ನೇ ಕಲಮು ತಡೆಯುತ್ತದೆ. ದೂರಿಗೆ ಸ್ವೀಕೃತಿ ಪಡೆಯುವುದನ್ನು ಮಾತ್ರ ಬಿಡಬೇಡಿ.

ಪಗಾರದ ತಕರಾರಿದ್ದರೂ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿಗೆ ಇರುವ ಬಲ ಒಬ್ಬರೇ ಹಾಕಿದ ಸ್ಟೇಟಸ್ಸಿಗಿಲ್ಲ. ಹತ್ತು ಜನ ಸೇರಿ ಸಹಿ ಮಾಡಿದರೆ ಇನ್ನೂ ಒಳ್ಳೆಯದು.

ಪ್ರಾಚಾರ್ಯರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ವರ್ಷದಿಂದ ಕೊನೆಯ ಸೆಮಿಸ್ಟರಿನಲ್ಲಿ ಒಂದು ನೇಮಕಾತಿ ಪತ್ರವನ್ನು ಎದುರಿಗಿಟ್ಟು, ಸಾಲುಸಾಲಾಗಿ ಓದಿಸುವ ಒಂದು ತರಗತಿ ನಡೆಸಿ. ಕರೆದರೆ ನಾನೇ ಬಂದು ಪಾಠ ಮಾಡುತ್ತೇನೆ.