ಪೆಟ್ಟೇ ಬಿದ್ದಿಲ್ಲ, ಮಣಿಕಟ್ಟು ಏಕೆ ನೋಯುತ್ತದೆ?

ಡಿಸೆಂಬರ್ ಬಂತೆಂದರೆ ಬಿಕ್ಕೋಡಿನ ಸುತ್ತಮುತ್ತ ಕಾಫಿ ತೋಟಗಳಲ್ಲಿ ಕುಯ್ಲಿನ ಗಡಿಬಿಡಿ. ಅರೇಬಿಕಾ ಗಿಡದ ರೆಕ್ಕೆ ತುಂಬ ಕೆಂಪು ಹಣ್ಣು. ಸೊಂಟಕ್ಕೆ ಚೀಲ ಕಟ್ಟಿಕೊಂಡವರು ಬೆಳಗ್ಗೆ ಶುರುಮಾಡಿದರೆ ಸಂಜೆಯವರೆಗೂ ಹಣ್ಣು ಬಿಡಿಸುತ್ತಲೇ ಇರುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ, ‘ಮಣಿಕಟ್ಟು ಸೆಳೀತಿದೆ ಕಣೋ’ ಅಂದದ್ದನ್ನು ನೀವು ಕೇಳಿರಬಹುದು. ಅವರು ಬಿದ್ದಿಲ್ಲ, ಏಟು ತಿಂದಿಲ್ಲ, ಗಾಯವಂತೂ ಇಲ್ಲವೇ ಇಲ್ಲ. ಮತ್ತೆ ನೋವು ಎಲ್ಲಿಂದ ಬಂತು? ಬನ್ನಿ, ಸೇರಿ ಪತ್ತೆ ಮಾಡೋಣ. ಬೇಕಾದ ಸಾಮಾನು ಒಂದೇ: ನಿಮ್ಮ ಕೈ.

ಎಡಗೈಯನ್ನು ಮೊಣಕೈಗೆ ಸ್ವಲ್ಪ ಕೆಳಗೆ ಬಲಗೈಯಿಂದ ಮೆಲ್ಲಗೆ ಹಿಡಿದುಕೊಳ್ಳಿ. ಈಗ ಎಡಗೈ ಬೆರಳುಗಳನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ. ಹಿಡಿದ ಜಾಗದಲ್ಲಿ ಚರ್ಮದ ಕೆಳಗೆ ಏನೋ ಉಬ್ಬಿ ಇಳಿಯುತ್ತಿದೆ, ಅಲ್ಲವೇ? ಅದು ಮಾಂಸಖಂಡ. ಆಶ್ಚರ್ಯ ನೋಡಿ, ಆಡುತ್ತಿರುವುದು ಬೆರಳು, ದುಡಿಯುತ್ತಿರುವುದು ಮೊಣಕೈ ಹತ್ತಿರದ ಮಾಂಸಖಂಡ. ಬೆರಳನ್ನು ಗಟ್ಟಿಯಾಗಿ ಮಡಿಸುವ ಮಾಂಸಖಂಡಗಳು ಬೆರಳಿನಲ್ಲಿಲ್ಲ. ಅಲ್ಲೇ ಇದ್ದಿದ್ದರೆ ಬೆರಳುಗಳು ಎಷ್ಟು ದಪ್ಪಗಿರುತ್ತಿದ್ದವೋ! ಪೆನ್ಸಿಲ್ ಹಿಡಿಯುವುದೇ ಕಷ್ಟವಾಗುತ್ತಿತ್ತು.

ಹಾಗಾದರೆ ಮಾಂಸಖಂಡದ ಎಳೆತ ಬೆರಳಿನ ತುದಿಗೆ ಹೇಗೆ ಮುಟ್ಟುತ್ತದೆ? ನಡುವೆ ಬಿಳಿಯ, ಗಟ್ಟಿಯಾದ ಹುರಿಗಳಿವೆ. ಇವಕ್ಕೆ ಸ್ನಾಯುರಜ್ಜು ಎಂದು ಹೆಸರು. ನಾವು ಸುಮ್ಮನೆ ಹುರಿ ಎನ್ನೋಣ. ಒಂದನ್ನು ಕಣ್ಣಾರೆ ನೋಡಬೇಕೇ? ಅಂಗೈ ಮೇಲೆ ಮಾಡಿ, ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ತಾಗಿಸಿ, ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿ. ಮಣಿಕಟ್ಟಿನ ನಡುವೆ ಒಂದು ಹುರಿ ಎದ್ದು ನಿಲ್ಲುತ್ತದೆ. ನಿಲ್ಲಲಿಲ್ಲವೇ? ಗಾಬರಿ ಬೇಡ. ಈ ಒಂದು ಹುರಿ ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ; ಕೆಲವರಿಗೆ ಒಂದು ಕೈಯಲ್ಲಿ ಮಾತ್ರ ಇರುತ್ತದೆ. ಇಲ್ಲದಿದ್ದರೂ ಕೈಕೆಲಸಕ್ಕೆ ಏನೂ ಕೊರತೆಯಿಲ್ಲ. ನಾಳೆ ತರಗತಿಯಲ್ಲಿ ಎಲ್ಲರ ಕೈಯನ್ನೂ ನೋಡಿ, ಯಾರಿಗಿದೆ, ಯಾರಿಗಿಲ್ಲ ಎಂದು ಪಟ್ಟಿ ಮಾಡಿ.

ಇನ್ನು ಮೂಳೆಗಳ ವಿಷಯ. ಮಣಿಕಟ್ಟಿನಲ್ಲಿ ಒಂದೇ ದೊಡ್ಡ ಮೂಳೆ ಇದೆ ಎಂದು ಅನ್ನಿಸುತ್ತದೆ. ಇಲ್ಲ, 8 ಪುಟ್ಟ ಮೂಳೆಗಳು ಎರಡು ಸಾಲಾಗಿ ಕೂತಿವೆ. ಹಳೆಯ ಕಾಲದ ವೈದ್ಯರು ಅವುಗಳ ಆಕಾರ ನೋಡಿ ಹೆಸರಿಟ್ಟರು: ಒಂದು ದೋಣಿ, ಒಂದು ಅರ್ಧಚಂದ್ರ, ಒಂದು ಬಟಾಣಿ ಕಾಳು, ಒಂದು ಕೊಕ್ಕೆ, ಹೀಗೆ. ಕಿರುಬೆರಳಿನ ಕಡೆ ಅಂಗೈ ಮುಗಿಯುವಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ ಸಿಗುವ ಗುಂಡಗಿನ ಉಬ್ಬೇ ಬಟಾಣಿ ಮೂಳೆ.

ಈಗ ತಾನೇ ಹುಟ್ಟಿದ ಮಗುವಿನ ಕೈಗೆ ಎಕ್ಸ್-ರೇ ತೆಗೆದರೆ ಈ 8ರಲ್ಲಿ ಸಾಮಾನ್ಯವಾಗಿ ಒಂದೂ ಕಾಣುವುದಿಲ್ಲ. ಇರುತ್ತವೆ, ಆದರೆ ಇನ್ನೂ ಮೆದು. ನಿಮ್ಮ ಕಿವಿಯ ಅಂಚಿನಲ್ಲಿ ಬಾಗುವ ಮೃದ್ವಸ್ಥಿ ಇದೆಯಲ್ಲ, ಆ ಜಾತಿಯವು. ಮಗು ಬೆಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಎಲ್ಲಕ್ಕಿಂತ ತಡವಾಗಿ ಗಟ್ಟಿಯಾಗುವುದು ಬಟಾಣಿ, ಸುಮಾರು 8ರಿಂದ 12 ವರ್ಷದೊಳಗೆ. ಹಾಗಾಗಿ ಮಗುವಿನ ಮೂಳೆ ಎಷ್ಟು ಬಲಿತಿದೆ ಎಂದು ತಿಳಿಯಬೇಕಾದಾಗ ವೈದ್ಯರು ಎಡಗೈಯ ಎಕ್ಸ್-ರೇ ನೋಡುತ್ತಾರೆ. ನಾನಂತೂ ಇದನ್ನು ಮೊದಲು ಓದಿದಾಗ ಸುಮಾರು ಹೊತ್ತು ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದೆ.

ಈ 8 ಮೂಳೆಗಳು ಅಂಗೈ ಕಡೆಗೆ ಒಂದು ತಗ್ಗು ಮಾಡಿಕೊಂಡು ಕೂತಿವೆ. ತಗ್ಗಿನ ಮೇಲೆ ಅಡ್ಡಲಾಗಿ ಒಂದು ಬಲವಾದ ಪಟ್ಟಿ ಬಿಗಿದಿದೆ. ಕೆಳಗೆ ಮೂಳೆ, ಮೇಲೆ ಪಟ್ಟಿ. ನಡುವೆ ಉಳಿದ ಇಕ್ಕಟ್ಟಾದ ದಾರಿಯಲ್ಲಿ 9 ಹುರಿಗಳೂ ಒಂದು ನರವೂ ಸಾಗಬೇಕು. ಮಣಿಕಟ್ಟಿನ ಹಿಂಭಾಗದಲ್ಲೂ ಇಂಥ ಸಣ್ಣ ಸಣ್ಣ ದಾರಿಗಳಿವೆ, 6.

ಈ ದಾರಿಗಳನ್ನು ಮನಸ್ಸಿಗೆ ತಂದುಕೊಳ್ಳಲು ಲಂಗದ ಲಾಡಿಯನ್ನು ನೆನೆಸಿಕೊಳ್ಳಿ. ಸೊಂಟದ ಪಟ್ಟಿಯೊಳಗೆ ಲಾಡಿ ಅತ್ತಿಂದಿತ್ತ ಸರಾಗವಾಗಿ ಸರಿಯುತ್ತದೆ. ಒಗೆದ ಮೇಲೆ ಲಾಡಿ ಉಬ್ಬಿಕೊಂಡಿದ್ದರೆ? ಅಥವಾ ಪಟ್ಟಿಯ ಹೊಲಿಗೆ ತೀರಾ ಬಿಗಿಯಾಗಿದ್ದರೆ? ಎಳೆದಾಗ ತಡೆಯುತ್ತದೆ. ಜೋರಾಗಿ ಎಳೆದಷ್ಟೂ ಉಜ್ಜಿ ನೂಲು ಎದ್ದು, ಇನ್ನಷ್ಟು ದಪ್ಪವಾಗಿ, ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಮಣಿಕಟ್ಟಿನಲ್ಲೂ ಆಗುವುದು ಬಹುಪಾಲು ಇದೇ. ಒಂದೇ ಹುರಿ ಒಂದೇ ಇಕ್ಕಟ್ಟಿನಲ್ಲಿ ದಿನವಿಡೀ ಹೋಗಿ ಬಂದು, ಹುರಿಯ ಸುತ್ತಲಿನ ಪೊರೆಯೋ ದಾರಿಯ ಗೋಡೆಯೋ ದಪ್ಪವಾಗುತ್ತದೆ. ಹೊರಗೆ ಗಾಯವಿಲ್ಲ, ಒಳಗೆ ಜಾಗವಿಲ್ಲ.

ಕಾಫಿ ಬಿಡಿಸುವವರ ಬೆರಳನ್ನು ಒಮ್ಮೆ ಹತ್ತಿರದಿಂದ ಗಮನಿಸಿ (ಆನೆ ಬಂದಿದೆ ಎಂಬ ಸುದ್ದಿ ಇಲ್ಲದ ದಿನ, ದೊಡ್ಡವರ ಜೊತೆ ತೋಟಕ್ಕೆ ಹೋದಾಗ). ಹೆಬ್ಬೆರಳು, ತೋರುಬೆರಳ ನಡುವೆ ಹಣ್ಣು ಹಿಡಿಯುತ್ತಾರೆ, ಚೂರು ತಿರುವುತ್ತಾರೆ, ಹಣ್ಣು ಕೈಗೆ ಬರುತ್ತದೆ. ಪಕ್ಕದಲ್ಲೇ ಹಸಿರು ಕಾಯಿ. ಅದನ್ನು ಮುಟ್ಟದೆ ಬಿಡಬೇಕು. ಹಿಡಿ, ತಿರುವು, ಬಿಡಿಸು. ಮತ್ತೆ ಹಿಡಿ, ತಿರುವು, ಬಿಡಿಸು. ಪ್ರತಿ ಸಲವೂ ಹೆಬ್ಬೆರಳ ಹುರಿಗಳು ಮಣಿಕಟ್ಟಿನ ದಾರಿಯಲ್ಲಿ ಜಾರುತ್ತವೆ.

ಹೆಬ್ಬೆರಳನ್ನು ಹೊರಕ್ಕೆ ಚಾಚುವ ಎರಡು ಹುರಿಗಳು ಮಣಿಕಟ್ಟಿನ ಅಂಚಿನ ಒಂದೇ ಸಣ್ಣ ದಾರಿಯಲ್ಲಿ ಹಾದುಹೋಗುತ್ತವೆ. ಆ ದಾರಿ ಇಕ್ಕಟ್ಟಾದರೆ ಹೆಬ್ಬೆರಳ ಬುಡದಲ್ಲಿ ನೋವು. ಬಟ್ಟೆ ಹಿಂಡಿದರೆ, ಬಿಂದಿಗೆ ಎತ್ತಿದರೆ, ಮುದ್ದೆ ಕೋಲು ತಿರುವಿದರೆ ಚುಳ್ ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಡಿ ಕೆರ್ವೈನ್ ಎಂಬ ಶಸ್ತ್ರವೈದ್ಯರು 1895ರಲ್ಲಿ ಇದನ್ನು ವಿವರಿಸಿ ಬರೆದರು. ಇವತ್ತಿಗೂ ಅವರ ಹೆಸರಿನಿಂದಲೇ ಈ ತೊಂದರೆಯನ್ನು ಕರೆಯುತ್ತಾರೆ. ಎಳೆ ಮಗುವಿನ ತಾಯಂದಿರಿಗೆ ಇದು ತುಂಬಾ ಕಾಡುತ್ತದೆ. ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತುವಾಗ ಹೆಬ್ಬೆರಳು ಅಗಲವಾಗಿ ತೆರೆದುಕೊಳ್ಳುತ್ತದೆ, ದಿನಕ್ಕೆ ಎಷ್ಟೋ ಸಲ. ನಿಮ್ಮನ್ನು ಎತ್ತಿ ಆಡಿಸಿದ ಅಮ್ಮನನ್ನು ಕೇಳಿ ನೋಡಿ, ಆಗ ಕೈ ನೋಯುತ್ತಿತ್ತೇ ಎಂದು. ಮೊಬೈಲಿನ ಮೇಲೆ ಗಂಟೆಗಟ್ಟಲೆ ಹೆಬ್ಬೆರಳು ಆಡಿಸುವ ಅಣ್ಣಂದಿರ ವಿಷಯ ನಾನು ಹೇಳಬೇಕಾಗಿಲ್ಲ.

ಇನ್ನೊಂದು ತರಹದ ತೊಂದರೆ ಇನ್ನೂ ಸ್ವಾರಸ್ಯವಾಗಿದೆ, ಅದಕ್ಕೆ ಪತ್ತೇದಾರಿಕೆ ಬೇಕು. ಅಂಗೈ ಕಡೆಯ ದೊಡ್ಡ ದಾರಿಯಲ್ಲಿ 9 ಹುರಿಗಳ ಜೊತೆ ಒಂದು ನರ ಇದೆ ಎಂದೆನಲ್ಲ? ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗ ಮುಟ್ಟಿದ್ದೆಲ್ಲದರ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಈ ನರ. ಹೌದು, ಅರ್ಧ ಬೆರಳು! ಉಳಿದರ್ಧಕ್ಕೂ ಕಿರುಬೆರಳಿಗೂ ಬೇರೊಂದು ನರ. ಅದು ಈ ಇಕ್ಕಟ್ಟಿನೊಳಗೆ ಬರುವುದೇ ಇಲ್ಲ. ಹುರಿಗಳ ಪೊರೆ ಊದಿಕೊಂಡರೆ ಪಾಪ, ನರ ಒತ್ತಿಹೋಗುತ್ತದೆ. ಆಗ ಜೋಮು, ಉರಿ, ನೋವು.

ಆದ್ದರಿಂದ ಯಾರಾದರೂ ‘ಕೈಯೆಲ್ಲ ಜೋಮು’ ಎಂದಾಗ, ‘ಕಿರುಬೆರಳೂ ಜೋಮು ಹಿಡಿಯುತ್ತಾ?’ ಎಂದು ಕೇಳಿ. ಸ್ವಲ್ಪ ಯೋಚಿಸಿ, ‘ಇಲ್ಲ, ಅದೊಂದು ಬಿಟ್ಟು’ ಅಂದರೆ ನಿಮಗೆ ಒಳ್ಳೆಯ ಸುಳಿವು ಸಿಕ್ಕಿತು. ಎರಡನೆಯ ಸುಳಿವು ರಾತ್ರಿಯದು. ನಿದ್ದೆಯಲ್ಲಿ ಕೈ ಮಡಿಸಿ ಮಲಗುತ್ತೇವೆ, ದಾರಿ ಇನ್ನೂ ಕಿರಿದಾಗುತ್ತದೆ. ನಡುರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಾಯೆನಿಸುತ್ತದೆ.

ಬಾಗಿದ ಮಣಿಕಟ್ಟು ಎಂದಾಗ ನನಗೆ ಬೇಲೂರು ನೆನಪಾಗುತ್ತದೆ. ಬಿಕ್ಕೋಡಿನಿಂದ ದೂರವೇನಲ್ಲ, ಶಾಲೆಯ ಪ್ರವಾಸಕ್ಕೆ ನೀವೂ ಹೋಗಿರುತ್ತೀರಿ. ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಮದನಿಕೆಯರ ಕೈಗಳನ್ನು ಮಾತ್ರ ನೋಡುತ್ತಾ ಒಂದು ಸುತ್ತು ಬನ್ನಿ. ನಾಟ್ಯದಲ್ಲಿ ಮಣಿಕಟ್ಟು ಎಷ್ಟು ಬಗೆಯಲ್ಲಿ ಬಾಗಬಲ್ಲದು ಎಂದು ದಾಸೋಜ, ಚಾವಣರಂಥ ಶಿಲ್ಪಿಗಳಿಗೆ ಗೊತ್ತಿತ್ತು. ಕಲ್ಲಿನ ಕೈ 900 ವರ್ಷ ಹಾಗೇ ಬಾಗಿ ನಿಂತಿದೆ. ನಮ್ಮ ಕೈಗೆ ಅದಾಗದು. ಎರಡೂ ಕೈಗಳ ಹಿಂಭಾಗವನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ನೆಲ ನೋಡುವಂತೆ ಎದೆಯ ಮುಂದೆ ಹಿಡಿದು, ಒಂದು ನಿಮಿಷ ಎಣಿಸಿ. ನಿಮಗೆ ಬಹುಶಃ ಏನೂ ಆಗದು. ನರ ಒತ್ತಿಹೋದವರಿಗೆ ಅಷ್ಟರಲ್ಲೇ ಬೆರಳು ಜುಮ್ಮೆನ್ನತೊಡಗುತ್ತದೆ. ಅಮೆರಿಕದ ಜಾರ್ಜ್ ಫೇಲನ್ ಎಂಬ ವೈದ್ಯರು ಬಳಕೆಗೆ ತಂದ ಪರೀಕ್ಷೆ ಇದು. ಖರ್ಚಿಲ್ಲ, ಯಂತ್ರವಿಲ್ಲ. ನನಗೆ ಇಂಥ ಪರೀಕ್ಷೆಗಳೇ ಇಷ್ಟ.

ನರ ಒತ್ತಿಹೋಗಲು ಕೆಲಸವೊಂದೇ ಕಾರಣವಲ್ಲ. ಬಸುರಿನಲ್ಲಿ ಮೈಯಲ್ಲಿ ನೀರು ತುಂಬಿದಾಗ, ಥೈರಾಯ್ಡ್ ಗ್ರಂಥಿ ಮಂದವಾದಾಗ, ಸಕ್ಕರೆ ಕಾಯಿಲೆ ಇದ್ದಾಗ ಕೂಡ ಹೀಗಾಗಬಹುದು. ತೋಟದ ಕಳೆ ಹೊಡೆಯುವ ಯಂತ್ರ ಗಡಗಡ ನಡುಗುತ್ತದಲ್ಲ, ವರ್ಷಗಟ್ಟಲೆ ಅಂಥ ನಡುಕ ತಿಂದ ಕೈಗೂ ಅಪಾಯ ಹೆಚ್ಚು.

ಕೆಲವರ ಮಣಿಕಟ್ಟಿನ ಹಿಂದೆ ಗೋಲಿಯಷ್ಟು ಗಂಟು ಏಳುತ್ತದೆ. ಮಕ್ಕಳಿಗೂ ಬರುತ್ತದೆ. ಒಳಗಿರುವುದು ಕೀಲಿನಿಂದ ಬಂದ ಮಂದವಾದ ದ್ರವ. ಹೆಚ್ಚಿನವು ತಾವಾಗಿಯೇ ಇಳಿಯುತ್ತವೆ. ದಪ್ಪ ಪುಸ್ತಕದಿಂದ ಹೊಡೆದು ಒಡೆಯುವ ಹಳೆಯ ಮದ್ದೊಂದಿದೆ. ಅದರ ಗೋಜಿಗೆ ಹೋಗಬೇಡಿ.

ಕೆಲವೊಮ್ಮೆ ಅಪರಾಧಿ ಕೈಯಲ್ಲೇ ಇರುವುದಿಲ್ಲ. 2006ರಲ್ಲಿ ಕರ್ನಾಟಕದ ಊರೂರಿಗೆ ಚಿಕೂನ್‌ಗುನ್ಯಾ ಬಂದಿತ್ತು. ಆ ವರ್ಷ ಇಡೀ ದೇಶದಲ್ಲಿ ಅತಿ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದದ್ದು ನಮ್ಮ ರಾಜ್ಯದಿಂದಲೇ. ಜ್ವರ ಬಿಟ್ಟು ತಿಂಗಳುಗಳಾದರೂ ಎಷ್ಟೋ ಜನರ ಮಣಿಕಟ್ಟು, ಬೆರಳು, ಕಾಲಿನ ಕೀಲುಗಳ ನೋವು ಬಿಟ್ಟಿರಲಿಲ್ಲ. ಮನೆಯ ಹಿರಿಯರನ್ನು ಕೇಳಿ, ಆ ವರ್ಷವನ್ನು ಅವರು ಮರೆತಿರುವುದಿಲ್ಲ. ಅದನ್ನು ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ, ತೊಟ್ಟಿ ಡ್ರಮ್ಮುಗಳಲ್ಲಿ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಇನ್ನೊಂದು, ಸಂಧಿವಾತದ ಒಂದು ಬಗೆ: ಬೆಳಗ್ಗೆ ಏಳುವಾಗ ಎರಡೂ ಮಣಿಕಟ್ಟುಗಳು ಸೆಟೆದು, ಸಡಿಲಾಗಲು ಗಂಟೆ ಹಿಡಿಯುತ್ತದೆ. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುವುದರಿಂದ ಹೀಗಾಗುತ್ತದೆ.

ಮರೆತ ಪೆಟ್ಟು ಎಂಬುದೂ ಒಂದಿದೆ. ಜಾರಿ ಬಿದ್ದು ಅಂಗೈ ಊರಿದಾಗ ದೋಣಿ ಮೂಳೆಯಲ್ಲಿ ಸಣ್ಣ ಬಿರುಕು ಬಿಡಬಹುದು. ಮೊದಲ ದಿನದ ಎಕ್ಸ್-ರೇಯಲ್ಲಿ ಅದು ಕಾಣದೆಯೂ ಹೋಗಬಹುದು. ಉಳುಕು ಎಂದು ಸುಮ್ಮನಿದ್ದರೆ ತಿಂಗಳ ಮೇಲೂ ಹೆಬ್ಬೆರಳ ಬುಡ ನೋಯುತ್ತಿರುತ್ತದೆ. ಅದಕ್ಕೇ ವೈದ್ಯರು ‘ಎಂದಾದರೂ ಬಿದ್ದಿದ್ದೆಯಾ?’ ಎಂದು ಮತ್ತೆ ಮತ್ತೆ ಕೇಳುವುದು.

ಕೆಲಸಕ್ಕೂ ಕೈನೋವಿಗೂ ಸಂಬಂಧವಿದೆ ಎಂದು ಬಹಳ ಹಿಂದೆಯೇ ಗಮನಿಸಿದವರು ಇಟಲಿಯ ಬರ್ನಾರ್ಡಿನೊ ರಾಮಜ್ಜಿನಿ. ಕುಶಲಕರ್ಮಿಗಳ ಕಾಯಿಲೆಗಳ ಬಗ್ಗೆ ಅವರು 1700ರಲ್ಲಿ ಒಂದು ಪುಸ್ತಕ ಬರೆದು, 1713ರಲ್ಲಿ ಅದನ್ನು ಬೆಳೆಸಿದರು. ಅದರಲ್ಲಿ ಒಬ್ಬ ಬರವಣಿಗೆಯವನ ಕಥೆ ಬರುತ್ತದೆ. ಬರೆದು ಬರೆದು ಅವನ ಬಲಗೈ ಸೋತುಹೋಯಿತು. ಛಲ ಬಿಡದೆ ಎಡಗೈಯಲ್ಲಿ ಬರೆಯಲು ಕಲಿತ. ಕೆಲವೇ ಕಾಲದಲ್ಲಿ ಎಡಗೈಗೂ ಅದೇ ಗತಿಯಾಯಿತು! ಕೈ ಬದಲಾಯಿತು, ಬಿಡುವಿಲ್ಲದ ದುಡಿತ ಬದಲಾಗಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಪೆನ್ನನ್ನು ಹಿಚುಕಿ ಹಿಡಿದು ಪುಟಗಟ್ಟಲೆ ಬರೆಯುವವರಿಗೆ ಈ ಕಥೆಯನ್ನು ಹೇಳಿ.

ಬಹುಪಾಲು ಮಣಿಕಟ್ಟಿನ ನೋವುಗಳಿಗೆ ಮೊದಲ ಔಷಧ ಬಿಡುವು. ಆಗಾಗ ಕೈ ಇಳಿಬಿಟ್ಟು ನಿಲ್ಲುವುದು, ನೋಯಿಸುವ ಕೆಲಸವನ್ನು ಕೆಲ ದಿನ ಬೇರೆಯವರಿಗೆ ಕೊಡುವುದು, ಮಣಿಕಟ್ಟು ಬಾಗದಂತೆ ರಾತ್ರಿ ಪಟ್ಟಿ ಕಟ್ಟಿಕೊಂಡು ಮಲಗುವುದು. ಊದಿದ ಹುರಿಯನ್ನು ಬಲವಾಗಿ ನೀವಿಸಿದರೆ ಉಜ್ಜಾಟ ಹೆಚ್ಚೇ ಆಗುತ್ತದೆ, ಕಡಿಮೆಯಾಗದು. ಇಷ್ಟರಿಂದ ಬಗ್ಗದಿದ್ದರೆ ವೈದ್ಯರ ಬಳಿ ಸೂಜಿಮದ್ದಿದೆ. ಅದಕ್ಕೂ ಮಣಿಯದಿದ್ದರೆ ದರ್ಜಿ ಲಾಡಿಪಟ್ಟಿಯ ಹೊಲಿಗೆ ಬಿಚ್ಚುವಂತೆ ಶಸ್ತ್ರವೈದ್ಯರು ಆ ಬಿಗಿ ಪಟ್ಟಿಯನ್ನು ಬಿಡಿಸಿ ನರಕ್ಕೆ ಜಾಗ ಮಾಡಿಕೊಡುತ್ತಾರೆ.

ಈ ವಾರ ಮನೆಯಲ್ಲಿ ಕೈ ನೋವು ಎನ್ನುವವರ ಪಕ್ಕ ಒಂದು ನೋಟ್‌ಬುಕ್ ಹಿಡಿದು ಕೂರಿ. ಯಾವ ಬೆರಳು, ಯಾವ ಹೊತ್ತು, ಯಾವ ಕೆಲಸ ಮಾಡುವಾಗ, ಎಂದಾದರೂ ಬಿದ್ದಿದ್ದರೇ, ಜ್ವರ ಬಂದಿತ್ತೇ ಎಂದು ಕೇಳಿ ಬರೆದುಕೊಳ್ಳಿ. ಹೆಬ್ಬೆರಳ ಬುಡದ ದಿಂಡು ಒಂದು ಕೈಯಲ್ಲಿ ಬತ್ತಿದಂತೆ ಕಂಡರೆ, ಲೋಟ ಕೈಜಾರಿ ಬೀಳುತ್ತಿದ್ದರೆ, ಕೀಲು ಕೆಂಪಗೆ ಊದಿ ಜ್ವರವೂ ಇದ್ದರೆ ತಡಮಾಡಬೇಡಿ ಎಂದು ಹೇಳಿ. ಆಸ್ಪತ್ರೆಗೆ ಹೊರಟಾಗ ಆ ಹಾಳೆಯನ್ನು ಅವರ ಕೈಗೆ ಕೊಡಿ. ವೈದ್ಯರು ಮೊದಲು ಕೇಳುವುದು ಅದನ್ನೇ.